ಆಕಾಶದ ಮೇಲೆ ಮಾವನ ಅರ್ಜಿ

ಆಕಾಶ ಕೆಟ್ಟುಹೋಗಿದೆ ಎಂದು ಪಂಚಾಯಿತಿಗೆ ಅರ್ಜಿ ಕೊಟ್ಟವರು ನಿಮ್ಮ ನೆಂಟರಲ್ಲಿ ಯಾರಾದರೂ ಇದ್ದಾರೆಯೇ? ನನಗೊಬ್ಬರಿದ್ದಾರೆ. ಬನ್ನೂರಿನ ಹತ್ತಿರ ಕಬ್ಬು ಬೆಳೆಯುವ ನನ್ನ ಸೋದರಮಾವ! ಇಂಥ ಮಾವನನ್ನು ದೇವರು ಶತ್ರುವಿಗೂ ಕೊಡದಿರಲಿ.

ಹಿಂದೆ ನಾಲೆಯ ನೀರಿನ ಪಾಳಿಗೆ ಮಾವನೇ ಗಡಿಯಾರ. ಸಾಲಾಗಿರುವ ಮೂರು ಚುಕ್ಕಿ ಪಡುವಲಕ್ಕೆ ಇಳಿದರೆ ನಮ್ಮ ಪಾಳಿ ಮುಗಿದಂತೆ. ನೀರು ಹಾಯುವ ಮಡೆ ತಿರುಗಿಸಿ ಪಕ್ಕದ ಗದ್ದೆಗೆ ನೀರು ಬಿಡಬೇಕು. ಚಿಕ್ಕವಳಿದ್ದ ನನ್ನನ್ನು ಬದುವಿನ ಮೇಲೆ ಕೂರಿಸಿ, ಬೆರಳು ಹಿಡಿದು ಆ ಚುಕ್ಕಿಗಳನ್ನು ತೋರಿಸಿ ನನ್ನನ್ನೂ ಕೆಡಿಸಿದ್ದರು. ಅಂಥವರದು ಎರಡು ವರ್ಷದಿಂದ ಒಂದೇ ರಾಗ: "ಪಂಚಾಯ್ತಿಯೋರು ಐಮಾಸ್ಟ್ ಲೈಟು ಆಕಿ ಚುಕ್ಕಿನೆಲ್ಲ ನುಂಗಾಕವ್ರೆ!"

ಕಾಟ ತಾಳಲಾರದೆ ಪಂಚಾಯಿತಿಯವರು ಒಂದು ಸಂಜೆ ಆ ಎತ್ತರದ ಕಂಬದ ದೀಪ ಆರಿಸಿಯೇಬಿಟ್ಟರು. ಮಾವ ಕತ್ತೆತ್ತಿ ನೋಡಿದರು. "ಬಂದಿಲ್ಲ. ಲೈಟಿನ ಕಾವು ಇನ್ನೂ ಆರ್ಬೇಕು" ಎಂದರು! ಮೆಂಬರು ತಲೆ ಚಚ್ಚಿಕೊಂಡರು.

ಆಮೇಲೆ ಮಾವ ನನ್ನ ಬೆನ್ನು ಹತ್ತಿದರು. "ಬೆಂಗ್ಳೂರಲ್ಲಿ ಚುಕ್ಕಿ ತೋರಿಸ್ತಾರಂತಲ್ಲ, ಕರ್ಕೊಂಡೋಗು ಕೂಸೇ." ನಂಜನಗೂಡಿನಲ್ಲಿ ವಿಜ್ಞಾನದ ಟೀಚರಾದ ತಪ್ಪಿಗೆ ಒಪ್ಪಿಕೊಂಡೆ. ಮಾವ, ಅತ್ತೆ, ನಾನು ಹೊರಟೆವು.

ತಾರಾಲಯದ ಬಾಗಿಲಲ್ಲಿ ಗಗನಯಾತ್ರಿಯ ಬಿಳಿ ಉಡುಪು ನಿಲ್ಲಿಸಿದ್ದರು. ಮಾವ ಅದಕ್ಕೆ ಕೈಮುಗಿದು, "ಒಳಿಕ್ಕೆ ಓಗಕ್ಕೆ ದಾರಿ ಯಾವ್ದು ಸಾ?" ಎಂದರು. ಸ್ವಲ್ಪ ಕಾದು ನನ್ನ ಕಡೆ ತಿರುಗಿದರು. "ಗೌರ್ಮೆಂಟ್ ಆಳು ಕಣವ್ವ, ಮಾತಾಡಾಕಿಲ್ಲ" ಎಂದು ನನಗೇ ಸಮಾಧಾನ ಬೇರೆ! ಶಾಲೆ ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಮುಂದೆ, ಚಂದ್ರನ ಮೇಲೆ ನಮ್ಮ ತೂಕ ಎಷ್ಟೆಂದು ತೋರಿಸುವ ಯಂತ್ರ. ಅರವತ್ತಾರು ಕೆಜಿಯ ಮಾವ ಹತ್ತಿ ನಿಂತು, "ಎಷ್ಟದೆ ಓದವ್ವ" ಎಂದರು.

"ಹನ್ನೊಂದು, ಮಾವ."

ಅಷ್ಟೇ ಸಾಕಾಯಿತು! "ಐವತ್ತೈದು ಕೆಜಿ ನುಂಗವ್ರಲ್ಲ! ನಮ್ ಕಬ್ಬು ತೂಗೋನೂ ಇಷ್ಟು ಮೋಸ ಮಾಡಾಕಿಲ್ಲ ಕಣ್ರೀ!" ಬೇರೆ ತಕ್ಕಡಿ ತರಿಸುವ ತನಕ ಕೆಳಗಿಳಿಯುವುದಿಲ್ಲ ಎಂದು ಪಟ್ಟು ಹಿಡಿದರು. ನಾನು ಮಾನ ಹೋಯಿತೆಂದು ಮುಖ ಮುಚ್ಚಿಕೊಂಡೆ.

ಕೊನೆಗೆ ಅತ್ತೆಯೇ ಅವರನ್ನು ಕೆಳಗಿಳಿಸಿದರು. ಮಾವನ ತೋಳು ಹಿಡಿದು, "ಮೆಟ್ಲದೆ... ಇನ್ನೊಂದದೆ" ಎನ್ನುತ್ತ ಒಳಗೆ ಕರೆದೊಯ್ದರು. ಪಾಪ, ಗಂಡನ ಹಟಕ್ಕೆ ನಾಚಿದ್ದಾರೆ ಎಂದುಕೊಂಡೆ. ನಾನೆಂಥ ವಿಜ್ಞಾನದ ಟೀಚರು!

ದೀಪ ಆರಿತು. ಗುಮ್ಮಟದ ತುಂಬ ಚುಕ್ಕಿಗಳು. ಮಕ್ಕಳೆಲ್ಲ ಓ ಎಂದು ಕೂಗಿದರು. ಮಾವ ಕತ್ತೆತ್ತಿ ಕಾಯುತ್ತ ಕುಳಿತರು. ಬಹಳ ಹೊತ್ತಿನ ಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಯಾವಾಗ ಶುರು ಮಾಡ್ತಾರೆ ಕೂಸೇ?"

ಅತ್ತೆಯ ಕಡೆ ತಿರುಗಿದೆ.

"ಅಗಲೊತ್ತು ಒಸಿ ಮಬ್ಬಾಗಿ ಕಾಣ್ತದೆ, ಕತ್ತಲಾದ್ರೆ ಏನೂ ಇಲ್ಲ. ವಾಸಿ ಆಗಾಕಿಲ್ಲ ಅಂತ ಡಾಕ್ಟ್ರು ಏಳವ್ರೆ" ಎಂದು ಅತ್ತೆ ಪಿಸುಗುಟ್ಟಿದರು. "ನಿಮ್ ಮಾವ ಒಪ್ಪಾಕಿಲ್ಲ. ಇಲ್ಲಾದ್ರೂ ಕಾಣ್ತದೆ ಅಂತ ಬಂದವ್ರೆ."

ಮಾವನ ಬೆರಳು ಹಿಡಿದು ಮೇಲೆತ್ತಿದೆ. "ಶುರುವಾಗಿದೆ ಮಾವ. ಇಗೋ ಇಲ್ಲಿ, ಮೂರು ಚುಕ್ಕಿ ಸಾಲು."

ಮಾವ ಆ ಬೆರಳಿನ ಕಡೆಗೇ ಕತ್ತು ತಿರುಗಿಸಿದರು. "ನೆತ್ತಿ ಮ್ಯಾಲವೋ, ಪಡುವಲಕ್ಕೆ ಇಳಿದವೋ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಳಿದಿವೆ ಮಾವ."

"ಅಂಗಾರೆ ನಮ್ ಪಾಳಿ ಮುಗೀತು ಕಣವ್ವ" ಎಂದರು ಮಾವ, ನನ್ನ ಕೈ ಬಿಡದೆ. "ಮಡೆ ತಿರುಗ್ಸು."