ಭದ್ರಾವತಿಗೊಂದು ಸಿಟಿ ಟ್ರಿಪ್

ಎಂಟು ತಿಂಗಳ ಮಗುವನ್ನು ಕಟ್ಟಿಕೊಂಡು ಊರೂರು ಸುತ್ತುವುದು ಕಷ್ಟ ಎಂದು ಯಾರಾದರೂ ಹೇಳಿದರೆ, ವಿಷಯದ ವಿರೋಧವಾಗಿ ಐದು ನಿಮಿಷ ನಿರರ್ಗಳವಾಗಿ ಮಾತಾಡಲು ನಾನು ಸದಾ ಸಿದ್ಧಳಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪರ್ಯಾಯ ಪಾರಿತೋಷಕವನ್ನು ಸತತ ಎರಡು ವರ್ಷ ಗೆದ್ದವಳು ನಾನು. ಮೂರನೆಯ ವರ್ಷ ಗೆಲ್ಲಲಿಲ್ಲ. ತೀರ್ಪುಗಾರರ ಜೊತೆಗೇ ವಾದಕ್ಕಿಳಿದಿದ್ದೆ.

ನಾವಿರುವುದು ಆಸ್ಟ್ರಿಯಾದ ಲಿಂಜ್‌ನಲ್ಲಿ. ಅದು ಉಕ್ಕಿನ ಕಾರ್ಖಾನೆಯ ಊರು. ಭದ್ರಾವತಿಯ ಹುಡುಗನನ್ನು ಕಟ್ಟಿಕೊಂಡವಳಿಗೆ ಪ್ರಪಂಚದಲ್ಲಿ ಇನ್ನೆಂಥ ಊರು ಸಿಕ್ಕೀತು? ಅಲ್ಲಿಂದ ನಾನು, ಗಂಡ ಶಶಿ, ಮಗಳು ನಿಧಿ ಮೂವರೂ ವಿಯೆನ್ನಾ, ಸಾಲ್ಸ್‌ಬರ್ಗ್, ಪ್ರೇಗ್ ಎಲ್ಲ ನೋಡಿ ಬಂದಿದ್ದೆವು. ನಿಜ ಹೇಳಬೇಕೆಂದರೆ ಪ್ರೇಗ್‌ನಲ್ಲಿ ನಾವು ಸರಿಯಾಗಿ ನೋಡಿದ್ದು ಡೈಪರ್ ಬದಲಿಸುವ ಮೂರು ಕೋಣೆಗಳನ್ನು ಮತ್ತು ದೂರದಿಂದ ಒಂದು ಸೇತುವೆಯನ್ನು. ಅದು ಬೇರೆ ಮಾತು. ಈ ಪ್ರವಾಸಗಳಿಂದ ನಾನೊಂದು ಸಿದ್ಧಾಂತವನ್ನು ರೂಪಿಸಿದ್ದೆ: ಮಗುವನ್ನು ಸ್ಟ್ರಾಲರ್‌ನಲ್ಲಿ ಮಲಗಿಸು, ನಿದ್ದೆಯ ಹೊತ್ತಿಗೆ ಸರಿಯಾಗಿ ರೈಲು ಹತ್ತು, ದಾರಿಯಲ್ಲಿ ಯಾರ ಹತ್ತಿರವೂ ಮಾತಾಡಬೇಡ.

ಈ ಮೂರನೆಯ ಸೂತ್ರವನ್ನು ಶಿವಮೊಗ್ಗದಲ್ಲಿ ಪಾಲಿಸುವುದು ಹೇಗೆ ಎಂದು ನಾನು ಯೋಚಿಸಿಯೇ ಇರಲಿಲ್ಲ!

ಎರಡು ವಾರದ ರಜೆಗೆ ರಾಗಿಗುಡ್ಡದ ನನ್ನ ತವರಿಗೆ ಬಂದಿಳಿದೆವು. ಬಂದ ಕೂಡಲೇ ನಿಧಿಗೆ ನೆಗಡಿ. ಅದು ವಾಸಿಯಾಗುವಷ್ಟರಲ್ಲಿ ರಜೆ ಮುಗಿಯುತ್ತ ಬಂದಿತ್ತು. ಭದ್ರಾವತಿಯಲ್ಲಿ ಶಶಿಯ ಅಜ್ಜಿ ಮರಿಮಗಳನ್ನು ಇನ್ನೂ ಮುಟ್ಟಿರಲಿಲ್ಲ. ಅವರ ಎರಡೂ ಕಣ್ಣಿಗೆ ಪೊರೆ. ನಾವು ಅಲ್ಲಿಗೆ ಹೊರಟ ದಿನದ ಮರುದಿನವೇ ಒಂದು ಕಣ್ಣಿನ ಆಪರೇಷನ್. ನಾವು ಹೋಗುವ ದಿನವೇ ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆ ಸೇರಬೇಕು. ಆಮೇಲೆ ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಆ ಪಥ್ಯ ಮುಗಿಯುವಷ್ಟರಲ್ಲಿ ನಾವು ವಿಮಾನ ಹತ್ತಿರುತ್ತೇವೆ. "ಮೂರು ಗಂಟೆ ಒಳಗೆ ಮಗೂನ ನನ್ನ ತೊಡೆ ಮೇಲೆ ಹಾಕ್ರಿ. ಉಡುದಾರ ನಾನೇ ಕಟ್ಟಬೇಕು," ಎಂದು ಅಜ್ಜಿ ಫೋನಿನಲ್ಲಿ ಹೇಳಿದ್ದರು.

"ಮೂರು ಗಂಟೆ ಯಾಕಜ್ಜಿ? ಹನ್ನೊಂದಕ್ಕೇ ಅಲ್ಲಿರ್ತೀವಿ," ಎಂದು ನಾನು ಘೋಷಿಸಿದೆ. ಇರುವುದೇ ಇಪ್ಪತ್ತು ಕಿಲೋಮೀಟರ್!

ಬೆಳಿಗ್ಗೆ ಅಪ್ಪ ಕಾರಿನ ಕೀಲಿ ತಂದರು. ನಾನು ಒಪ್ಪಲಿಲ್ಲ. "ಕಾರಲ್ಲಿ ಮಗುವಿನ ಸೀಟ್ ಇಲ್ಲಪ್ಪ. ಬಸ್ಸಲ್ಲೇ ಹೋಗ್ತೀವಿ."

"ಬಸ್ಸಲ್ಲೂ ಇರಲ್ವಲ್ಲ," ಎಂದ ಶಶಿ ಮೆಲ್ಲಗೆ.

ಮೂರನೆಯ ವರ್ಷದ ತೀರ್ಪುಗಾರರನ್ನು ನೋಡಿದ ಹಾಗೆಯೇ ಅವನನ್ನೂ ನೋಡಿದೆ. ಅವನು ಚಪ್ಪಲಿ ಹಾಕಿಕೊಂಡ.

ಅಷ್ಟರಲ್ಲಿ ಅಮ್ಮ ಕಾಡಿಗೆ ತಂದು ನಿಧಿಯ ಕೆನ್ನೆಗೆ ದೊಡ್ಡದೊಂದು ದೃಷ್ಟಿಬೊಟ್ಟು ಇಟ್ಟರು. ನಾನು ಎದ್ದು ನಿಂತೆ. "ದೃಷ್ಟಿ ಆಗುತ್ತೆ ಅನ್ನೋದಕ್ಕೆ ಏನಮ್ಮ ಪುರಾವೆ?"

"ಆಗಲ್ಲ ಅನ್ನೋದಕ್ಕೆ ನಿನ್ನ ಹತ್ರ ಇದ್ಯಾ?"

"ಇಲ್ಲದೇ ಇರೋದಕ್ಕೆ ಪುರಾವೆ ಕೇಳಬಾರದು, ಅದು ತರ್ಕದೋಷ."

"ದೋಷ ಇದೆ ಅಂತ ನೀನೇ ಒಪ್ಕೊಂಡೆ. ತೆಪ್ಪಗಿರು ಮಾರಾಯ್ತಿ," ಎಂದು ಅಮ್ಮ ಇನ್ನೊಂದು ಕೆನ್ನೆಗೂ ಇಟ್ಟರು. "ದೊಡ್ಡಮ್ಮನ ಮನೆ ಮುಂದೇನೇ ಬಸ್ ಸ್ಟಾಪು. ಒಂದು ಗಳಿಗೆ ಒಳಗೆ ಹೋಗಿ ಬನ್ನಿ."

"ಎಲ್ಲೂ ನಿಲ್ಲಲ್ಲ," ಎಂದೆ.

ವಿದ್ಯಾನಗರದ ಬಸ್ ಸ್ಟಾಪಿನ ಹತ್ತಿರ ಆಟೋದಿಂದ ಇಳಿದಾಗ ಸಮಯ ಹತ್ತು. ಯೋಜನೆಯ ಪ್ರಕಾರವೇ ನಡೆಯುತ್ತಿತ್ತು. ಸ್ಟ್ರಾಲರ್ ಬಿಡಿಸಿ ನಿಧಿಯನ್ನು ಮಲಗಿಸಿ ನಾಲ್ಕು ಹೆಜ್ಜೆ ತಳ್ಳಿದೆ. ಮುಂದಿನ ಚಕ್ರ ಚರಂಡಿಯ ಎರಡು ಚಪ್ಪಡಿಗಳ ನಡುವೆ ಸಿಕ್ಕಿಕೊಂಡಿತು. ತಲೆ ಎತ್ತಿದರೆ ಎದುರಿಗೇ ಗೇಟು ಹಿಡಿದು ನಿಂತಿದ್ದರು ದೊಡ್ಡಮ್ಮ! ಅಮ್ಮನ ಫೋನು ನಮ್ಮ ಆಟೋಗಿಂತ ಮೊದಲೇ ಬಂದು ತಲುಪಿತ್ತು.

"ಕಾಲಿರೋ ಮಗೂನ ಗಾಡೀಲಿ ಯಾಕೆ ಹಾಕಿದೀಯೇ?" ಎನ್ನುತ್ತ ದೊಡ್ಡಮ್ಮ ನಿಧಿಯನ್ನು ಎತ್ತಿಕೊಂಡು ಒಳಗೆ ನಡೆದೇಬಿಟ್ಟರು.

ಮೊದಲ ಸಲ ಮನೆಗೆ ಬಂದ ಕೂಸನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ನೆತ್ತಿಗೆ ಎಣ್ಣೆ ಮುಟ್ಟಿಸಿ, ಅಕ್ಕಿ, ಬೆಲ್ಲ, ಒಂದು ತೆಂಗಿನಕಾಯಿ ಕೊಡಬೇಕು. ಕೊಡುವುದು ಕೂಸಿಗೆ, ಹೊರುವುದು ತಾಯಿ. ಕಾಯಿಯನ್ನು ಸ್ಟ್ರಾಲರ್‌ನಲ್ಲಿಟ್ಟು ಹೊರಟೆ. ಆಗ ಪಕ್ಕದ ಮನೆಯವರು ಬಂದರು. "ನಮ್ಮ ಮನೆಗೂ ಬರದೆ ಹೋಗ್ತೀರಾ? ಬೇಜಾರಾಗುತ್ತೆ ನೋಡಿ."

"ನಿಮ್ಮನ್ನ ನಾನು ಇವತ್ತೇ ಮೊದಲು ನೋಡ್ತಿರೋದು," ಎಂದೆ.

"ಅದಕ್ಕೇ ಬರಬೇಕು ಅನ್ನೋದು!"

ಈ ವಾದಕ್ಕೆ ಪ್ರತಿವಾದ ಇದ್ದರೆ ದಯವಿಟ್ಟು ಯಾರಾದರೂ ತಿಳಿಸಿ. ಹೀಗೆ ಆ ಬೀದಿಯಲ್ಲಿ ನಾಲ್ಕು ಮನೆ, ನಾಲ್ಕು ತೆಂಗಿನಕಾಯಿ, ಸೇರುಗಟ್ಟಲೆ ಅಕ್ಕಿ. ಹನ್ನೆರಡೂವರೆಗೆ ನಾವು ಬಸ್ ಸ್ಟಾಪಿಗೆ ಬಂದಾಗ ಸ್ಟ್ರಾಲರ್‌ನಲ್ಲಿ ಮಗುವಿಗೆ ಜಾಗವೇ ಇರಲಿಲ್ಲ. ಕಾಯಿಗಳಿಗೆ ಬೆಲ್ಟ್ ಹಾಕಿ, ನಾಚಿಕೆಯಾಗಿ ಮೇಲೊಂದು ಮಗುವಿನ ದುಪಟಿ ಹೊದಿಸಿದ್ದೆ. ನಿಧಿ ದೊಡ್ಡಮ್ಮನ ಹೆಗಲ ಮೇಲೆ ಗಾಢ ನಿದ್ದೆಯಲ್ಲಿದ್ದಳು. "ಮಲಗಿರೋ ಮಗೂನ ಕೈ ಬದಲಾಯಿಸ್ಬಾರದು. ನಾನೇ ಭದ್ರಾವತಿವರೆಗೂ ಬಂದ್ಬಿಡ್ತೀನಿ," ಎಂದು ದೊಡ್ಡಮ್ಮ ಸೀರೆ ಕೂಡ ಬದಲಿಸದೆ ಹೊರಟಿದ್ದರು.

ಬಸ್ಸು ಬಂತು. ಶಶಿ ಓಡಿಹೋಗಿ ಸೀಟಿಗೆ ಕರ್ಚೀಫು ಹಾಕಿದ. ದೊಡ್ಡಮ್ಮ ಮಗುವಿನ ಸಮೇತ ಹತ್ತಿದರು. ಕೆಳಗೆ ಉಳಿದದ್ದು ನಾನು ಮತ್ತು ಸ್ಟ್ರಾಲರ್.

"ಅಕ್ಕಾ, ಗಾಡಿ ಮಡಚಿ ಬೇಗ!" ಎಂದ ಕಂಡಕ್ಟರ್.

ಆಗಲೇ ನನಗೆ ಒಂದು ಸತ್ಯದ ದರ್ಶನವಾಯಿತು. ಮೂರು ರಾಜಧಾನಿಗಳಲ್ಲಿ ತಳ್ಳಿದ್ದ ಆ ಸ್ಟ್ರಾಲರನ್ನು ನಾನು ಒಮ್ಮೆಯೂ ಮಡಚಿರಲಿಲ್ಲ! (ಸಾಲ್ಸ್‌ಬರ್ಗ್ ರಾಜಧಾನಿಯಲ್ಲ ಎಂದು ಶಶಿ ಆಮೇಲೆ ತಿದ್ದಿದ. ವಿಯೆನ್ನಾ, ಪ್ರೇಗ್ ಎರಡೇ ಅಂತೆ.) ಅಲ್ಲಿ ಟ್ರಾಮಿನ ಬಾಗಿಲು ನೆಲಕ್ಕೆ ಸಮವಾಗಿರುತ್ತದೆ, ತಳ್ಳಿದರೆ ಒಳಗೆ. ಮಡಚುವುದೇನಿದ್ದರೂ ಶಶಿಯ ಇಲಾಖೆ. ಎರಡು ಗುಂಡಿ ಒತ್ತಿ, ಒಂದು ಕಾಲಿನಿಂದ ಏನನ್ನೋ ತುಳಿಯಬೇಕು ಎಂದಷ್ಟೇ ನೆನಪಿತ್ತು. ತುಳಿದೆ. ಬ್ರೇಕ್ ಬಿತ್ತು. ಎರಡು ಕಾಯಿ ಉರುಳಿ ರಸ್ತೆಗೆ ಹೋದವು. ಅವುಗಳ ಹಿಂದೆ ನಾನು ಹೋದೆ.

"ಮಗುವಿನ ಗಾಡಿನೋ, ಕಾಯಿ ಅಂಗಡಿನೋ?" ಎನ್ನುತ್ತ ಕಂಡಕ್ಟರ್ ಸೀಟಿ ಊದಿದ. ನಾನು ಕಾಯಿ ಹಿಡಿದು ತಿರುಗುವಷ್ಟರಲ್ಲಿ ಬಸ್ಸು ಹೊರಟಿತ್ತು. ಕಿಟಕಿಯಿಂದ ಶಶಿ ಏನೋ ಕೂಗಿ ಕೈಸನ್ನೆ ಮಾಡಿದ. ಎರಡು ಗುಂಡಿ ಒತ್ತುವ ಸನ್ನೆ!

ಮುಂದಿನ ಎರಡು ಬಸ್ಸುಗಳೂ ನನ್ನನ್ನು ನಿರಾಕರಿಸಿದವು. ಕೊನೆಗೆ ಬಾಳೆಗೊನೆ ತುಂಬಿದ್ದ ಲಗೇಜ್ ಆಟೋದವರೊಬ್ಬರು ಕರುಣೆ ತೋರಿಸಿದರು. ಹಿಂದೆ ಗೊನೆಗಳ ಮಧ್ಯೆ ಸ್ಟ್ರಾಲರ್, ಮುಂದೆ ನಾನು. ಸ್ವಲ್ಪ ದೂರ ಹೋದ ಮೇಲೆ ಅವರು ಕೇಳಿದರು, "ಅಂಗಡಿ ಎಲ್ಲಿ ಹಾಕಿದೀರಕ್ಕ?"

ದಾರಿಯಲ್ಲಿ ಶಶಿಗೆ ಫೋನ್ ಮಾಡಿದೆ. "ತಲುಪಿದ್ರಾ?"

"ಇಳಿದ್ವಿ."

"ಭದ್ರಾವತೀಲಿ?"

"ದಾರೀಲೇ, ಮಲವಗೊಪ್ಪದಲ್ಲಿ. ಇಲ್ಲಿ ದೊಡ್ಡಮ್ಮನ ನಾದಿನಿ ಮನೆ ಇದೆ ಕಣೇ. ಮಗು ಮೊದಲನೇ ಸಲ ಬಂದಿದೆ, ಹಾಗೇ ಕಳಿಸಲ್ಲ ಅಂತಿದಾರೆ."

"ನೀನು ಏನಾದ್ರೂ ಹೇಳಬಾರದಾ?"

"ಹೇಳೋಕೆ ಬಾಯಲ್ಲಿ ಉಂಡೆ ಇತ್ತು."

ಒಂದೂ ಮುಕ್ಕಾಲಿಗೆ ನಾನು ಭದ್ರಾವತಿಯ ಹಳೇನಗರದ ಮನೆ ತಲುಪಿದೆ. ಹಣೆಗೆ ವಿಭೂತಿ ಧರಿಸಿ, ಹೊಸ ಸೀರೆ ಉಟ್ಟು ಅಜ್ಜಿ ಕುರ್ಚಿಯಲ್ಲಿ ಕಾಯುತ್ತಿದ್ದರು. ಒಂದು ಪಕ್ಕದಲ್ಲಿ ಆಸ್ಪತ್ರೆಯ ಚೀಲ, ಮುಷ್ಟಿಯಲ್ಲಿ ಬೆಳ್ಳಿಯ ಉಡುದಾರ. ಸ್ಟ್ರಾಲರ್‌ನ ಸದ್ದು ಕೇಳಿ ಅವರ ಮುಖ ಅರಳಿತು.

"ಬಂತಾ ನನ್ನ ಬಂಗಾರ!"

ಮಾವ ಆಟೋ ತರಲು ಹೋಗಿದ್ದರು, ಅತ್ತೆ ಒಳಗಿದ್ದರು. ನಾನು ವಿವರಣೆಯನ್ನು ಮೂರು ಅಂಶಗಳಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಅಜ್ಜಿಯ ಕೈ ದುಪಟಿಯೊಳಗೆ ಹೋಗಿಯಾಗಿತ್ತು. ಕೈ ಒಂದೊಂದೇ ಕಾಯಿಯನ್ನು ನಿಧಾನವಾಗಿ ಸವರಿತು.

"ಜುಟ್ಟು ಚೆನ್ನಾಗಿದೆ. ಆದ್ರೆ ತಲೆಗೆ ಎಣ್ಣೆ ಹಚ್ಚಿ ಎಷ್ಟು ದಿನ ಆಯ್ತೇ? ನಾರು ನಾರಾಗಿದೆ."

"ಅಜ್ಜಿ... ಅದು..."

"ಆ ಊರಲ್ಲಿ ಮಕ್ಕಳು ಹಿಂಗೇ ಇರ್ತಾವಾ? ನಾಲ್ಕು ನಾಲ್ಕು?"

ಒಳಗಿನಿಂದ ಅತ್ತೆ ಕಿಸಕ್ಕನೆ ನಕ್ಕರು. ಅಜ್ಜಿಗೂ ತಡೆಯಲಾಗಲಿಲ್ಲ. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕರು. "ಪೊರೆ ಬಂದಿರೋದು ಕಣ್ಣಿಗೆ ಕಣೇ, ಕೈಗಲ್ಲ. ನೀನು ಮಾತಾಡದೆ ನಿಂತಿದ್ದು ಇದೇ ಮೊದಲು. ಇನ್ನೊಂದು ಗಳಿಗೆ ಕೇಳಿಸ್ಕೊಳ್ಳೋಣ ಅಂತ ಅನ್ನಿಸ್ತು."

ಎರಡು ಗಂಟೆಯಾಯಿತು. ಎರಡೂ ಇಪ್ಪತ್ತಾಯಿತು. ಬಾಗಿಲಲ್ಲಿ ಆಟೋ ನಿಂತಿತ್ತು. "ಅವ್ವಾ, ತಡ ಆದ್ರೆ ಡಾಕ್ಟ್ರು ಬೈತಾರೆ," ಎಂದು ಮಾವ ಚಡಪಡಿಸಿದರು. "ಬೈಲಿ. ಮಗು ಮುಟ್ಟದೆ ನಾನು ಹತ್ತಲ್ಲ," ಎಂದರು ಅಜ್ಜಿ. ನನ್ನ ನಗು ನಿಂತುಹೋಗಿತ್ತು. ಬೆಳಿಗ್ಗೆ ಅಪ್ಪ ಹಿಡಿದು ನಿಂತಿದ್ದ ಕಾರಿನ ಕೀಲಿ ಕಣ್ಣ ಮುಂದೆ ತೂಗಾಡುತ್ತಿತ್ತು. ಹತ್ತು ಸಲ ಬೀದಿಯ ತಿರುವಿನವರೆಗೆ ಹೋಗಿ ಬಂದೆ.

ಎರಡೂ ನಲವತ್ತಕ್ಕೆ ಶಶಿ ಕಾಣಿಸಿದ. ಎರಡೂ ಕೈಯಲ್ಲಿ ಒಂದೊಂದು ಹೊಸ ತೆಂಗಿನಕಾಯಿ! ಹಿಂದೆ ದೊಡ್ಡಮ್ಮ, ಹೆಗಲ ಮೇಲೆ ಮುಖವೆಲ್ಲ ಕಾಡಿಗೆಯಾಗಿ ಮಲಗಿದ್ದ ನಿಧಿ. ಅವಳನ್ನು ಅಜ್ಜಿಯ ತೊಡೆಗೆ ಹಾಕಿದೆ. ಅಜ್ಜಿಯ ಬೆರಳುಗಳು ನೆತ್ತಿ, ಹುಬ್ಬು, ಕಿವಿ ಎಲ್ಲವನ್ನೂ ಸವರಿ ಓದಿಕೊಂಡವು. ಯಾರ ಸಹಾಯವೂ ಇಲ್ಲದೆ ಉಡುದಾರ ಕಟ್ಟಿದರು. ನಿಧಿ ಕಣ್ಣು ಬಿಟ್ಟು ಅವರ ಮೂಗನ್ನು ಗಟ್ಟಿಯಾಗಿ ಹಿಡಿದಳು.

"ಹೂಂ. ಇದು ಮಗು," ಎಂದು ಅಜ್ಜಿ ತೀರ್ಪು ಕೊಟ್ಟರು.

ಈ ತೀರ್ಪನ್ನು ನಾನು ಪ್ರಶ್ನಿಸಲಿಲ್ಲ. ಆಟೋ ಹತ್ತುವ ಮುಂಚೆ ಅಜ್ಜಿ ಅತ್ತೆಗೆ ಕೂಗಿ ಹೇಳಿದರು, "ಮೊದಲನೇ ಸಲ ಬಂದಿದೆ. ಕಾಯಿ ಕೊಡೋದು ಮರೀಬೇಡ. ಹೆಂಗೂ ಗಾಡಿ ತಂದಿದಾಳೆ!"

ಸಂಜೆ ಬಸ್ ನಿಲ್ದಾಣದಲ್ಲಿ ಶಶಿ ಮತ್ತು ದೊಡ್ಡಮ್ಮ ಮಗುವಿನೊಂದಿಗೆ ಶಿವಮೊಗ್ಗದ ಬಸ್ಸು ಹುಡುಕಲು ಮುಂದೆ ಹೋಗಿದ್ದರು. ನಾನು ದುಪಟಿ ಹೊದಿಸಿದ ಏಳು ಕಾಯಿಗಳ ಜೊತೆ ಒಂದು ಪಕ್ಕದಲ್ಲಿ ನಿಂತಿದ್ದೆ. ಹತ್ತಿರ ಕುಳಿತಿದ್ದ ಹೆಂಗಸೊಬ್ಬರು ಸ್ಟ್ರಾಲರ್ ಕಡೆ ನೋಡಿ ದನಿ ತಗ್ಗಿಸಿ ಕೇಳಿದರು, "ಎಷ್ಟು ತಿಂಗಳಮ್ಮ?"

"ಎಂಟು," ಎಂದೆ.

"ಪಾಪ, ಎಷ್ಟು ಚೆನ್ನಾಗಿ ಮಲಗಿದೆ. ಸದ್ದೇ ಇಲ್ಲ."

ತಪ್ಪು ಹೇಳಿಕೆಯನ್ನು ಖಂಡಿಸದೆ ಬಿಟ್ಟವಳೇ ಅಲ್ಲ ನಾನು. ದುಪಟಿಯನ್ನು ಇನ್ನಷ್ಟು ಮೇಲೆಳೆದೆ.

"ಹೌದು. ಗಾಡಿಯಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತೆ."