ಚಿರೋಟಿಯ ಒಂಟಿ ಸೀನು

"ನಿಶ್ಚಿಂತೆಯಿಂದ ಹೋಗಿ ಬಾ ಮಗಳೇ! ನೀನು ಬರೋ ಹೊತ್ತಿಗೆ ನಿನ್ನ ಇಲಿಗಳನ್ನ ಹೆಗ್ಗಣ ಮಾಡಿ ಕೊಡ್ತೀನಿ!"

ಹೀಗೆಂದು ಎದೆ ತಟ್ಟಿಕೊಂಡವರು ಸರಸ್ವತಿಪುರದ ವಾಗೀಶರು. ಮಗಳು ಲಹರಿ, ಹಾಕಿ ಆಟದ ಟೂರ್ನಮೆಂಟಿಗೆಂದು ಹಾಸನಕ್ಕೆ ಹೊರಟಿದ್ದಳು. ಅವಳು ಪ್ರಾಣಕ್ಕಿಂತ ಹೆಚ್ಚಾಗಿ ಸಾಕಿದ ಎರಡು ಬಿಳಿ ಇಲಿಗಳು, ಚಿರೋಟಿ ಮತ್ತು ಫೇಣಿ, ಪಂಜರದಲ್ಲಿ ಕಡಲೆಬೀಜ ಸುಲಿಯುತ್ತ ಕೂತಿದ್ದವು.

"ಅಪ್ಪ, ಇಲಿಗಳು ಬೇಗ ಹುಷಾರು ತಪ್ತವೆ. ಸೀನಿದ್ರೆ ತಕ್ಷಣ ಫೋನ್ ಮಾಡು, ಆಯ್ತಾ?"

ಈ ಮಾತು ವಾಗೀಶರ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು. ರೋಗವೇ? ಅವರ ಮನೆಯಲ್ಲೇ? ಅರಮನೆಯ ಪೂಜೆಗೆ ಧೂಪ ಕುಟ್ಟಿಕೊಟ್ಟ ವಂಶ ಅವರದು! ಮುತ್ತಜ್ಜ ಹೇಳಿಕೊಟ್ಟ ಹದದಲ್ಲಿ ಅವರು ಇಂದಿಗೂ ಕೈಯಾರೆ ಧೂಪದ ಪುಡಿ ಕುಟ್ಟುತ್ತಾರೆ. ಸಂಜೆಯಾದರೆ ಸಾಕು, ಕೆಂಡದ ಮೇಲೆ ಅದನ್ನು ಉದುರಿಸಿಕೊಂಡು ಮನೆಯ ಮೂಲೆಮೂಲೆಗೂ ದಂಡಯಾತ್ರೆ ಹೊರಡುತ್ತಾರೆ. ಆ ಹೊಗೆ ಸುಳಿದ ಮನೆಯ ಹೊಸ್ತಿಲು ದಾಟಲು ಯಾವ ಕಾಯಿಲೆಗೂ ಗಂಡೆದೆಯಿಲ್ಲ ಎಂಬುದು ಅವರ ಅಖಂಡ ನಂಬಿಕೆ.

"ಆಕ್ಷೀ!" ಅಡುಗೆಮನೆಯಿಂದ ಹೆಂಡತಿ ಭಾನುಮತಿಯವರ ಸೀನು ಬಂತು.

"ಒಗ್ಗರಣೆ ಘಾಟು ಕಣೇ! ಇನ್ನೊಂದು ಸೀನು, ಒಂಟಿ ಸೀನು ಅಪಶಕುನ!"

"ಇನ್ನೂ ಒಲೇನೇ ಹಚ್ಚಿಲ್ಲ ಕಣ್ರೀ..." ಎನ್ನುವಷ್ಟರಲ್ಲಿ ಭಾನುಮತಿಯವರಿಗೆ ಎರಡನೆಯದೂ ಬಂತು. ವಾಗೀಶರಿಗೆ ಸಮಾಧಾನವಾಯಿತು.

ಅಂದು ಸಂಕಷ್ಟಿ ಬೇರೆ. ಭಾನುಮತಿ ಗಣಪನ ವಾಹನಗಳೆಂದು ಎರಡೂ ಇಲಿಗಳ ಹಣೆಗೆ ಕುಂಕುಮವಿಟ್ಟರು. ಗಂಡ ಬಿಟ್ಟಾರೆಯೇ? ದೇವರ ವಾಹನಕ್ಕೆ ವಿಶೇಷ ಸೇವೆ ಸಲ್ಲಬೇಕೆಂದು ಧೂಪದ ಬಟ್ಟಲನ್ನು ಪಂಜರದ ಕೆಳಗೇ ಇಟ್ಟರು! ಮರುದಿನವೂ ಇಟ್ಟರು. ಫೇಣಿ ಮೂಲೆ ಸೇರಿತು. ಚಿರೋಟಿ "ಚ್ಚಿ" ಎಂದಿತು.

ಬೆಳಗಾಗೆದ್ದು ನೋಡಿದರೆ ಚಿರೋಟಿಯ ಮೂಗೆಲ್ಲ ಕೆಂಪು!

"ಭಾನೂ! ಮತ್ತೆ ಕುಂಕುಮ ಮೆತ್ತಿದ್ಯಾ?"

"ನಾನ್ಯಾಕ್ರೀ ಮೆತ್ಲಿ? ಅವತ್ತಿಟ್ಟಿದ್ದೇ ಕೊನೆ. ಅದೂ ಹಣೇಗೆ, ಮೂಗಿಗಲ್ಲ."

"ಹಣೇದು ಇಳಿದು ಮೂಗಿಗೆ ಬಂದಿರುತ್ತೆ ಬಿಡು!" ಎಂದು ತೀರ್ಪು ಕೊಟ್ಟು ವಾಗೀಶರು ಒದ್ದೆ ಬಟ್ಟೆಯಿಂದ ಒರೆಸಿದರು. ಮಧ್ಯಾಹ್ನಕ್ಕೆ ಮತ್ತೆ ಕೆಂಪು. ಈ ಸಲ ಕಣ್ಣಿನ ಸುತ್ತಲೂ! ಚಿರೋಟಿ ರೋಮ ಉಬ್ಬಿಸಿಕೊಂಡು, ಬೆನ್ನು ಗೂನು ಮಾಡಿಕೊಂಡು ಕೂತಿತ್ತು. ಕೋಡುಬಳೆ ಕೊಟ್ಟರೆ ಮೂಸಿಯೂ ನೋಡಲಿಲ್ಲ. ಕೋಡುಬಳೆಯನ್ನೇ ತಿರಸ್ಕರಿಸಿದ ಮೇಲೆ ಅದು ಕಾಯಿಲೆಯೇ ಎಂದು ವಾಗೀಶರಿಗೆ ಖಾತ್ರಿಯಾಯಿತು.

"ರಕ್ತ ಕಣೇ, ರಕ್ತ!" ಎಂದು ಕೂಗಿದವರೇ ಚಿಕಿತ್ಸೆಗೆ ಧುಮುಕಿದರು. ಚಿಕಿತ್ಸೆ ಇನ್ನೇನು? ಧೂಪವೇ! ಅದಕ್ಕೆ ಓಮ, ಬಜೆ, ಒಣಗಿದ ತುಳಸಿ ಸೇರಿಸಿದರು. ಹೊಗೆ ಪೋಲಾಗಬಾರದೆಂದು ಪಂಜರದ ಮೇಲೆ ಕಂಬಳಿ ಹೊದಿಸಿದರು. ಒಳಗಿನಿಂದ ಚ್ಚಿ, ಚ್ಚಿ, ಚ್ಚಿ! ಅಡುಗೆಮನೆಯಿಂದ ಆಕ್ಷೀ, ಆಕ್ಷೀ!

"ನೋಡು, ಔಷಧಿ ಕೆಲಸ ಮಾಡ್ತಿದೆ! ವಿಷ ಎಲ್ಲ ಹೊರಗೆ ಬರ್ತಿದೆ!"

ಅಷ್ಟರಲ್ಲಿ ಲಹರಿಯ ವಿಡಿಯೋ ಕಾಲ್. ವಾಗೀಶರು ಥಟ್ಟನೆ ಫೇಣಿಯನ್ನೆತ್ತಿ ತೋರಿಸಿದರು. "ಇದು ಫೇಣಿ, ಗುಂಡುಕಲ್ಲಿನ ಹಾಗಿದೆ ನೋಡು!" ಫೋನನ್ನೊಮ್ಮೆ ಚಾವಣಿಗೆ ತಿರುಗಿಸಿ, ಮತ್ತೆ ಅದೇ ಫೇಣಿಯನ್ನೆತ್ತಿದರು. "ಇದು ಚಿರೋಟಿ!"

"ಅಪ್ಪ, ಚಿರೋಟಿ ಬಾಲದ ತುದೀಲಿ ಕಪ್ಪು ಮಚ್ಚೆ ಇರುತ್ತಲ್ವಾ?"

"ಹಲೋ? ಹಲೋ? ನೆಟ್‌ವರ್ಕ್ ಸರಿ ಇಲ್ಲಮ್ಮಾ!"

ಫೋನ್ ಇಟ್ಟು ಚಿರೋಟಿಯನ್ನು ಅಂಗೈಗೆ ತೆಗೆದುಕೊಂಡು ಕಿವಿಗೆ ಹಿಡಿದರು. ಪುಟ್ಟ ಎದೆಯೊಳಗೆ ಗೊರಗೊರ ಸದ್ದು. ಅದು ಅವರ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ವಾಗೀಶರ ಕಣ್ಣು ತುಂಬಿ ಬಂತು. ಇದಕ್ಕೇನಾದರೂ ಆದರೆ ಮಗಳಿಗೆ ಯಾವ ಮುಖ ತೋರಿಸುವುದು?

"ಭಾನೂ! ಆಟೋ ಕರಿ!"

ಹೊಸ್ತಿಲಲ್ಲಿ ಚಿರೋಟಿ ಒಂದೇ ಒಂದು ಸಲ "ಚ್ಚಿ" ಎಂದಿತು. ವಾಗೀಶರು ಎತ್ತಿದ ಕಾಲನ್ನು ಹಾಗೇ ನಿಲ್ಲಿಸಿದರು. ಒಂಟಿ ಸೀನು! "ಇನ್ನೊಂದು ಸೀನೇ ನನ್ನಪ್ಪಾ" ಎಂದು ಇಲಿಯನ್ನು ಬೇಡಿಕೊಂಡರು. ಇಲಿ ಮನಸ್ಸು ಮಾಡಲಿಲ್ಲ. ಕೊನೆಗೆ ಭಾನುಮತಿಯೇ "ಆಕ್ಷೀ!" ಎಂದು ಲೆಕ್ಕ ಸರಿದೂಗಿಸಿದರು.

ಪಂಜರ ಕಂಡು ಆಟೋದ ಮಂಟಯ್ಯನಿಗೆ ಬಲು ಖುಷಿ. "ಬೋನಿಗೆ ಬಿದ್ದವಾ ಸಾ? ಬನ್ನಿಮಂಟಪದಲ್ಲಿ ಬುಟ್ರೆ ಸಂಜೆಗೇ ವಾಪಸ್ ಬಂದ್ಬುಡ್ತವೆ. ಇಲವಾಲದಾಚೆ ಬುಟ್ಬುಡಾಣ, ಕೂತ್ಕಳಿ!"

"ಬಿಡೋಕಲ್ಲಪ್ಪ! ಡಾಕ್ಟ್ರಿಗೆ ತೋರ್ಸೋಕೆ! ಬೇಗ ಓಡ್ಸು!"

ಮಂಟಯ್ಯ ಕನ್ನಡಿಯಲ್ಲಿ ಭಾನುಮತಿಯವರನ್ನು ಕನಿಕರದಿಂದ ನೋಡಿದ. "ಸಾಹೇಬ್ರು ಯಾವಾಗಿಂದ ಇಂಗೆ, ಅಮ್ಮಾ?"

"ಮದುವೆಯಾದಾಗಿಂದ ಕಣಪ್ಪ."

ಪಶುವೈದ್ಯೆ ರಕ್ಷಿತಾ ಚಿರೋಟಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. "ಗಾಬರಿಯಾಗ್ಬೇಡಿ, ಇದು ರಕ್ತ ಅಲ್ಲ. ಹುಷಾರು ತಪ್ಪಿದಾಗ ಇಲಿಗಳ ಕಣ್ಣು, ಮೂಗಲ್ಲಿ ಸುರಿಯೋ ನೀರೇ ಕೆಂಪಗಿರುತ್ತೆ. ಉಸಿರಾಟದ ಸೋಂಕು. ಹನಿ ಔಷಧಿ ಕೊಡ್ತೀನಿ, ಬಿಡದೆ ಹಾಕಿ. ಅಂದಹಾಗೆ, ಮನೇಲಿ ಹೊಗೆ ಏನಾದ್ರೂ ಆಗುತ್ತಾ? ಊದಿನಕಡ್ಡಿ, ಸಾಂಬ್ರಾಣಿ, ಧೂಪ?"

ವಾಗೀಶರು ಗೋಡೆಯ ಮೇಲಿದ್ದ ನಾಯಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಆಗುತ್ತೆ ಡಾಕ್ಟ್ರೇ," ಭಾನುಮತಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಪಂಜರದ ಕೆಳಗೇ ಆಗುತ್ತೆ. ಮೇಲೆ ಕಂಬಳಿ ಬೇರೆ!"

"ಅಯ್ಯೋ! ಮೊದ್ಲು ಅದನ್ನ ನಿಲ್ಸಿ! ಆ ಹೊಗೆಗೇ ಕಾಯಿಲೆ ಇಷ್ಟು ಜೋರಾಗಿರೋದು."

"ಡಾಕ್ಟ್ರೇ, ಆ ಹೊಗೆಗೆ ಮನುಷ್ಯರೂ ಸೀನ್ತಾರಾ?"

"ಖಂಡಿತ. ಯಾಕೆ, ಮನೇಲಿ ಯಾರಾದ್ರೂ ಸೀನ್ತಿದಾರಾ? ಯಾವಾಗಿಂದ?"

"ಮದುವೆಯಾದಾಗಿಂದ!" ಭಾನುಮತಿಯವರ ದನಿ ಆಸ್ಪತ್ರೆಯಲ್ಲೆಲ್ಲ ಮೊಳಗಿತು. "ಇಲಿ ಸೀನಿದ್ರೆ ಆಟೋ, ಡಾಕ್ಟ್ರು, ಕಣ್ಣೀರು! ನಾನು ಸೀನಿದ್ರೆ ಒಗ್ಗರಣೆ ಘಾಟು! ಮುಂದಿನ ಜನ್ಮದಲ್ಲಿ ಇವ್ರ ಮನೇಲಿ ಇಲಿಯಾಗೇ ಹುಟ್ತೀನಿ!"

ಧೂಪ ನಿಂತಿತು. ಹನಿ ಔಷಧಿ ಹೊಟ್ಟೆ ಸೇರಿತು. ಲಹರಿ ಬರುವ ಹೊತ್ತಿಗೆ ಚಿರೋಟಿ ಕೋಡುಬಳೆಗಾಗಿ ಫೇಣಿಯೊಂದಿಗೆ ಕುಸ್ತಿಗಿಳಿದಿತ್ತು. ಅಡುಗೆಮನೆಯಲ್ಲಿ ಒಗ್ಗರಣೆಯೇನೋ ದಿನವೂ ಚಟಪಟ ಎನ್ನುತ್ತಿತ್ತು, ಸೀನು ಮಾತ್ರ ಇರಲಿಲ್ಲ. ಸೀನಿಲ್ಲದ ಆ ಒಗ್ಗರಣೆ ವಾಗೀಶರನ್ನು ಚುಚ್ಚಿತು. ಆದರೂ ಮುತ್ತಜ್ಜನ ಧೂಪವನ್ನು ಪೂರ್ತಿ ಬಿಡಲು ಮನಸ್ಸು ಬಾರದೆ, ಸಂಜೆ ಬಟ್ಟಲು ಹಿಡಿದು ಸದ್ದಿಲ್ಲದೆ ಹಿತ್ತಲಿಗೆ ಹೋಗಿ ದಾಸವಾಳದ ಗಿಡದ ಪಕ್ಕ ನಿಂತರು. ಗಾಳಿ ತಿರುಗಿತು. ಹೊಗೆಯೆಲ್ಲ ನೇರವಾಗಿ ಅವರ ಮುಖಕ್ಕೇ ಬಂತು.

"ಆಕ್ಷೀ!"

ಅಡುಗೆಮನೆಯ ಕಿಟಕಿ ತೆರೆದುಕೊಂಡಿತು.

"ಒಗ್ಗರಣೆ ಘಾಟು ಕಣ್ರೀ! ಇನ್ನೊಂದು ಸೀನಿ, ಒಂಟಿ ಸೀನು ಅಪಶಕುನ!"