ಕೇಳುಗರ ಗುಟ್ಟು

ಅಟ್ಟದ ಮೇಲೆ ತೆಂಗಿನಕಾಯಿ ನಿಧಾನವಾಗಿ ಕೊಬ್ಬರಿಯಾಗುವಾಗ ಕೆಳಗಿನ ಕೋಣೆಗೆ ಇಳಿಯುವ ಸಿಹಿಯಾದ ಎಣ್ಣೆವಾಸನೆಯನ್ನು, ಚಿಕ್ಕಂದಿನಲ್ಲಿ ಅದರಡಿ ಮಲಗಿದವರು ಮರೆಯುವುದಿಲ್ಲ. ನೊಣವಿನಕೆರೆಯ ಕಾಂತೇಶ್ ಆ ವಾಸನೆಯಲ್ಲೇ ಬೆಳೆದವನು. ಈಗಲೂ ಅದೇ ಅಟ್ಟದ ಕೆಳಗೆ ಕುಳಿತು ‘ತೆಂಗಿನ ಮಾತು’ ಎಂಬ ಪಾಡ್‌ಕಾಸ್ಟ್ ಮಾಡುತ್ತಿದ್ದ. ಮನೆಯಲ್ಲಿ ಅವನ ಮಾತನ್ನು ಹೆಂಡತಿ ಪದ್ಮಶ್ರೀ ಕೂಡ ಪೂರ್ತಿ ಕೇಳುತ್ತಿರಲಿಲ್ಲ. ಮೊಬೈಲಿನಲ್ಲಿ ಮೂರು ತಾಲ್ಲೂಕಿನವರು ಕೇಳುತ್ತಿದ್ದರು. ಅದರಲ್ಲೇ ಅವನ ಜೀವವಿತ್ತು.

ತೊಂದರೆ ಶುರುವಾದದ್ದು ಬೆಳಿಗ್ಗೆ ಬಂದ ಒಂದು ಇ-ಮೇಲಿನಿಂದ. ಮರದ ರೋಗಗಳ ಬಗ್ಗೆ ಸಲಹೆ ಕಳಿಸಲೆಂದು ಅವನು ಕೇಳುಗರಿಂದ ಹೆಸರು, ಊರು, ಫೋನ್ ನಂಬರು, ತೋಟದಲ್ಲಿರುವ ಮರಗಳೆಷ್ಟು ಎಂಬುದನ್ನೆಲ್ಲ ತರಿಸಿಕೊಂಡಿದ್ದ. ಹಾಗೆ ಮಾಹಿತಿ ಪಡೆಯುವವರು ಗೌಪ್ಯತಾ ನೀತಿ ಪ್ರಕಟಿಸಲೇಬೇಕು, ಸಂಜೆಯೊಳಗೆ ಪ್ರಕಟಿಸದಿದ್ದರೆ ಕಾರ್ಯಕ್ರಮವನ್ನೇ ತೆಗೆದುಹಾಕುತ್ತೇವೆ ಎಂದು ಪಾಡ್‌ಕಾಸ್ಟ್ ಬಿತ್ತರಿಸುವ ಆ್ಯಪ್‌ನವರು ಬರೆದಿದ್ದರು. ಕಾಂತೇಶನ ಎದೆ ಚಿಪ್ಪಿನೊಳಗಿನ ಒಣಕೊಬ್ಬರಿಯಂತೆ ಲೊಟಲೊಟ ಅಲುಗಾಡಿತು.

ಎದುರುಮನೆಯ ಶಂಭುಲಿಂಗಯ್ಯನವರು ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕಾಂತೇಶ್ ಅವರ ಬಳಿಗೆ ಓಡಿದ.

“ಏನ್ ತಗೊಂಡಿದೀಯ, ಯಾಕ್ ತಗೊಂಡಿದೀಯ, ಯಾರಿಗ್ ತೋರಿಸ್ತೀಯ, ಬ್ಯಾಡ ಅಂದ್ರೆ ಹೆಂಗ್ ಅಳಿಸ್ತೀಯ. ಇಷ್ಟನ್ನ ಬರಿ ಸಾಕು ಕಣಯ್ಯ” ಎಂದರು ಅವರು.

“ಬರೆದ್ರೆ ನಮ್ ಜನ ಓದಲ್ಲ ಸಾರ್. ಬಾಯಲ್ಲೇ ಹೇಳ್ಬುಡ್ತೀನಿ.”

ಗೌಪ್ಯತೆ ಎಂದರೆ ಯಾರಿಗೆ ಅರ್ಥವಾಗುತ್ತದೆ? ಕಾಂತೇಶ್ ಅದನ್ನು ತಿಳಿಗನ್ನಡಕ್ಕೆ ಇಳಿಸಿದ. ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು ನುಡಿದ: “ಕೇಳುಗ ಬಂಧುಗಳೇ, ನಿಮ್ಮ ಗುಟ್ಟುಗಳೆಲ್ಲ ನಮ್ಮ ಹತ್ತಿರ ಇವೆ. ಮೂರನೆಯವರಿಗೆ ಹೇಳುವುದಿಲ್ಲ. ಬೇಡವೆಂದರೆ ತಿಳಿಸಿ, ಅಳಿಸುತ್ತೇವೆ.”

ಅದನ್ನು ಆ್ಯಪ್‌ಗೆ ಹಾಕಿ ತಿಂಡಿಗೆ ಕೂರುವಷ್ಟರಲ್ಲಿ ಗೆಳೆಯ ಭೀಮರಾಜು ಬೈಕಿನಲ್ಲಿ ಧಾವಿಸಿ ಬಂದ.

“ಲೇ, ಮೂರನೆಯವ್ರಿಗೆ ಹೇಳಲ್ಲ ಅಂದ್ಯಲ್ಲ, ಆ ಎರಡನೆಯವ್ರು ಯಾರ್ಲಾ?”

“ಹಂಗಲ್ಲ ಕಣ್ಲಾ, ಅದು ಕಾನೂನು...”

“ಕಾನೂನ್ ಬ್ಯಾರೆ ಬಂತಾ! ಶೆಟ್ಟಿಕೆರೆ ಬೀಗ್ರಿಗೆ ಇನ್ನೂರು ಮರ ಅಂದಿದೀನಿ. ನಿನ್ ಹತ್ರ ಮಾತ್ರ ನಿಜ ಬರ್ದ್ಬುಟ್ಟೆ. ಆ ಎಂಬತ್ತನ್ನ ಮೊದ್ಲು ಅಳ್ಸು!”

ಕಾಂತೇಶ್ ಆ ಅಂಕಿಯನ್ನು ಅದುವರೆಗೆ ನೋಡಿಯೇ ಇರಲಿಲ್ಲ.

ಆಮೇಲೆ ಫೋನು ನಿಲ್ಲಲಿಲ್ಲ. ಒಬ್ಬರು ಮರ ಹೆಚ್ಚು ಬರೆದದ್ದನ್ನು, ಇನ್ನೊಬ್ಬರು ಕಡಿಮೆ ಬರೆದದ್ದನ್ನು ಒಪ್ಪಿಕೊಂಡರು. ಕಂದಿಕೆರೆಯ ಮುದುಕರೊಬ್ಬರು, “ನಂಗೆ ಒಂದ್ ಮರಾನೂ ಇಲ್ಲ ಕಣಪ್ಪ. ನೀನ್ ಮಾತಾಡ್ತಿದ್ರೆ ಹಿತವಾಗಿರ್ತದೆ, ಅದ್ಕೇ ಸುಳ್ಳು ಬರ್ದೆ” ಎಂದರು. ತಿಂಡಿ ತಟ್ಟೆಯಲ್ಲೇ ಆರಿತು.

ಮಧ್ಯಾಹ್ನ ಹಿತ್ತಿಲ ಬೇಲಿ ಸರಿಸಿಕೊಂಡು ಪಕ್ಕದ ತೋಟದ ಹನುಮಂತಮ್ಮ ಬಂದರು. ಅವರ ಗಂಡ ಚಿಕ್ಕರಂಗಯ್ಯನಿಗೂ ಕಾಂತೇಶನ ಅಪ್ಪನಿಗೂ ಬದುವಿನ ಮೇಲಿನ ಒಂದು ಮರಕ್ಕಾಗಿ ಜಗಳವಾಗಿ, ಅಪ್ಪ ತೀರಿಕೊಂಡ ಮೇಲೂ ಎರಡು ಮನೆಗೆ ಮಾತಿರಲಿಲ್ಲ.

“ನಾನು ನಿನ್ ಮಾತ್ ಕೇಳ್ತೀನಿ ಅನ್ನೋದೇ ಗುಟ್ಟು ಕಣಪ್ಪ. ನಮ್ಮೆಜಮಾನ್ರಿಗೆ ಗೊತ್ತಾದ್ರೆ ಮೊಬೈಲು ಬಾವಿಗೇ. ಹಾಲು ಕರೆಯೋವಾಗ ಕೇಳ್ತೀನಿ. ಈಗ ನಿನ್ ದನಿ ಇಲ್ದಿದ್ರೆ ಹಸಾನೇ ಹಾಲ್ ಸೊರೆ ಬುಡಲ್ಲ.”

“ಅಳಿಸ್ತೀನಿ ದೊಡ್ಡಮ್ಮ. ಯಾರಿಗೂ ಹೇಳಲ್ಲ.”

“ಹೆಸ್ರು ಅಳ್ಸು. ಮಾತ್ ಮಾತ್ರ ನಿಲ್ಲಿಸ್ಬ್ಯಾಡ.”

ಕಾಂತೇಶ್ ಎಲ್ಲರ ಮಾಹಿತಿಯನ್ನೂ ಒಟ್ಟಿಗೆ ಅಳಿಸಿಬಿಟ್ಟ. ‘ನಾವು ಕೇಳುಗರಿಂದ ಏನನ್ನೂ ಪಡೆಯುವುದಿಲ್ಲ, ನಮ್ಮ ಬಳಿ ಏನೂ ಇಲ್ಲ’ ಎಂದು ಬರೆದು ಕಳಿಸಿದ. ಸಂಜೆಗೆ ಮುಂಚೆಯೇ ಆ್ಯಪ್‌ನವರು ಒಪ್ಪಿಕೊಂಡರು. ತಲೆಯ ಮೇಲಿನ ಅಟ್ಟವನ್ನೇ ಯಾರೋ ಎತ್ತಿಕೊಂಡು ಹೋದಷ್ಟು ಹಗುರವಾಯಿತು.

ಆಗಲೇ ಬಾಗಿಲಲ್ಲಿ ಚಿಕ್ಕರಂಗಯ್ಯ ಕಾಣಿಸಿಕೊಂಡ. ಕೈಯಲ್ಲಿ ದೊಣ್ಣೆ.

“ನಮ್ಮೋಳು ಇಲ್ಲಿಗ್ ಬಂದಿದ್ಲಾ?”

ಕಾಂತೇಶ್ ದೊಣ್ಣೆಯನ್ನೇ ನೋಡುತ್ತ ಒಂದು ಹೆಜ್ಜೆ ಹಿಂದೆ ಸರಿದ. “ಗೌ... ಗೌಪ್ಯತಾ ನೀತಿ ಪ್ರಕಾರ ಹೇಳಂಗಿಲ್ಲ ದೊಡ್ಡಪ್ಪ.”

ಚಿಕ್ಕರಂಗಯ್ಯ ಅವನನ್ನು ದಿಟ್ಟಿಸಿದ. ದೊಣ್ಣೆಯನ್ನು ಗೋಡೆಗೆ ಒರಗಿಸಿ ಕುಳಿತ. “ಭೇಷ್. ಬಾಯ್ ಬುಡಲ್ಲ ನೀನು. ಹಂಗಾರೆ ನಂದೂ ಕೇಳು. ನಾನೂ ನಿನ್ ಮಾತ್ ಕೇಳ್ತೀನಿ ಕಣಯ್ಯ, ತೋಟದಲ್ಲಿ ನೀರ್ ಕಟ್ಟೋವಾಗ. ಅವಳಿಗ್ ಗೊತ್ತಾಗ್ಬಾರ್ದು. ಅಳಿಸ್ಬುಡು.”

“ಎಲ್ಲಾ ಅಳಿಸಿ ಆಗೈತೆ.”

“ಕಂಪ್ಯೂಟರಿಂದಲ್ಲ, ನಿನ್ ತಲೆಯಿಂದ!” ಎಂದು ಎದ್ದವನು ಬಾಗಿಲಲ್ಲಿ ನಿಂತ. “ಇನ್ನೊಂದೈತೆ. ಬದುವಿನ ಮರ ನಿಮ್ದೇ ಕಣಯ್ಯ. ನಮ್ಮಪ್ಪ ಸಾಯೋವಾಗ್ಲೇ ಹೇಳಿದ್ರು. ಇಷ್ಟು ವರ್ಷ ಎದೇಲಿ ಕೊರೀತಿತ್ತು. ನಿನ್ ನೀತಿ ಇರೋದ್ರಿಂದ ಧೈರ್ಯವಾಗಿ ಹೇಳ್ದೆ. ಮೂರನೆಯವ್ರಿಗೆ ಗೊತ್ತಾಗ್ಬಾರ್ದು, ಆಯ್ತಾ? ಅಬ್ಬಾ, ಎಷ್ಟ್ ಹಗುರಾಯ್ತು!”

ಚಿಕ್ಕರಂಗಯ್ಯ ದೊಣ್ಣೆ ಬೀಸಿಕೊಂಡು, ಹಾಡು ಗುನುಗುತ್ತಾ ಹೋದ. ಅಳಿಸಲಾಗದ ಗುಟ್ಟುಗಳನ್ನು ಹೊತ್ತು ಕಾಂತೇಶ್ ಕುಳಿತೇ ಇದ್ದ.

ಕದದ ಮರೆಯಲ್ಲಿ ನಿಂತು ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡಿದ್ದ ಪದ್ಮಶ್ರೀ ಹೊರಬಂದಳು. ಬಿಸಿ ಮುದ್ದೆಗೆ ಎಂದಿಗಿಂತ ತುಸು ಹೆಚ್ಚು ತುಪ್ಪ ಹಾಕಿದ್ದ ತಟ್ಟೆಯನ್ನು ಅವನ ಕೈಗಿಟ್ಟಳು.